ಗ್ರೋ ಬ್ಯಾಗ್ ಗಟ್ಟಿಯಾಗಿದೆ, ತೂತು ಸಾಲದು

ಹುಬ್ಬಳ್ಳಿ ನವನಗರದಲ್ಲಿ ನಮ್ಮ ಮನೆ. ಹಿತ್ತಲಿನದು ಎರೆಮಣ್ಣು. ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಿಕ್ಕೆ ಆಗುವುದಿಲ್ಲ, ಬಿಸಿಲಿಗೆ ಬೆರಳು ತೂರುವಷ್ಟು ಬಿರಿಯುತ್ತದೆ. ಅದಕ್ಕೇ ಈ ಸಲ ಯುಗಾದಿ ಮುಗಿದ ಮೇಲೆ ಪೇಟೆಯಿಂದ ಆರು ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ನೇಯ್ದ ಪ್ಲಾಸ್ಟಿಕ್ ಚೀಲ, ತಂದೆ. 15 ಇಂಚು ಅಗಲ, 15 ಇಂಚು ಎತ್ತರ, 260 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 260 ಗ್ರಾಂ ತೂಗುವ ಹಾಳೆ. ಒಂದಕ್ಕೆ 110 ರೂಪಾಯಿ.

ಹೊಲಿಗೆ ಬಹಳ ಗಟ್ಟಿ. ಮಸಾರಿ ಮಣ್ಣು, ಹಳೆ ಸಗಣಿ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಸಮ ಬೆರೆಸಿ, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ ಹಾಕಿ ತುಂಬಿದೆ. ಮಣ್ಣು ನೀರು ಕುಡಿದ ಮೇಲೆ ನಾನೂ ಮಗನೂ ಎರಡೂ ಹಿಡಿಕೆ ಹಿಡಿದು ಎತ್ತಿ ಸರಿಸಿದೆವು. ಒಂದು ಎಳೆಯೂ ಬಿಚ್ಚಲಿಲ್ಲ. ಎರಡರಲ್ಲಿ ಟೊಮ್ಯಾಟೊ ಅಗಿ, ಎರಡರಲ್ಲಿ ಮುಳಗಾಯಿ (ಬದನೆ), ಉಳಿದವಕ್ಕೆ ಬೆಂಡಿ, ಮೆಣಸಿನಕಾಯಿ.

ತಕರಾರು ಇರುವುದು ತೂತಿನದು. ಇರುವುದೇ ನಾಲ್ಕು, ಅವೂ ಬದಿಯಲ್ಲಿ, ತಳದಿಂದ ಒಂದೂವರೆ ಇಂಚು ಮೇಲೆ. ಬಿಸಿಲಿದ್ದಾಗ ಗೊತ್ತಾಗಲಿಲ್ಲ. ‘ಭರಣಿ ಮಳೆ, ಧರಣಿ ಬೆಳೆ’ ಅಂತ ನಮ್ಮವ್ವ ಹೇಳುತ್ತಿದ್ದಳು, ಏಪ್ರಿಲ್ ಕೊನೆಗೆ ಆ ಮಳೆಯೇ ಹಿಡಿಯಿತು. ಸಂಜೆಯಾದರೆ ಗುಡುಗು, ಆಮೇಲೆ ಧೋ ಅಂತ ಮಳೆ. ನಾಲ್ಕು ದಿನ ಇದೇ.

ಐದನೇ ದಿನ ಬೆಳಗ್ಗೆ ಎರಡೂ ಟೊಮ್ಯಾಟೊ ಗಿಡ ಬಾಡಿ ಜೋತುಬಿದ್ದಿದ್ದವು. ಮಣ್ಣು ಮಾತ್ರ ಹಸಿ. ನೀರು ಜಾಸ್ತಿಯಾದರೂ ಗಿಡ ಬಾಡುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ ಅಲ್ವಾ. ಒಂದನ್ನು ಕಿತ್ತು ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೇ ಬಂತು, ಒಳಗೆ ದಾರದಂಥ ಎಳೆ ಉಳಿಯಿತು. ತಳದ ಮಣ್ಣು ಹುಳಿ ಹುಳಿ ನಾರುತ್ತಿತ್ತು. ಆ ಗಿಡ ಆಗಷ್ಟೇ ಮೊದಲ ಹೂ ಬಿಟ್ಟಿತ್ತು. ಬಹಳ ಸಂಕಟವಾಯಿತು.

ಪಕ್ಕದ ಮನೆಯ ಅಮ್ಮ ಕಾಂಪೌಂಡಿನ ಆಚೆಯಿಂದಲೇ, “ತಂಗೀ, ನೀರು ಹೋಗಾಕ ತಳದಾಗ ದಾರಿನ ಇಲ್ಲಲ್ಲವಾ” ಅಂದರು. ಅವತ್ತೇ ದೊಡ್ಡ ಮೊಳೆ ಕಾಸಿ, ಉಳಿದ ಬ್ಯಾಗುಗಳನ್ನು ಒಂದೊಂದಾಗಿ ವಾಲಿಸಿ, ತಳಕ್ಕೆ ಎಂಟೆಂಟು ತೂತು ಹಾಕಿದೆವು. ಕತ್ತರಿಯಲ್ಲಿ ಕೊಯ್ಯಬೇಡಿ, ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಕಾಸಿದ ಮೊಳೆಯಾದರೆ ಅಂಚು ಕರಗಿ ಅಲ್ಲೇ ಕೂತುಬಿಡುತ್ತದೆ. ಮೊದಲ ತೂತಿಗೇ ಕಪ್ಪು ನೀರು ಸುರಿಯಿತು. ಆಮೇಲೆ ಎಲ್ಲವನ್ನೂ ಇಟ್ಟಿಗೆ ಮೇಲೆ ಏರಿಸಿದೆ. ಮಣ್ಣು ಸಿಡಿದು ಕೆಳಗಿನ ಎಲೆಗೆ ಚುಕ್ಕೆ ರೋಗ ಹತ್ತಬಾರದು ಅಂತ ಮೇಲೆ ಶೇಂಗಾ ಸಿಪ್ಪೆ ಹರಡಿದೆ. ಎರಡನೇ ಟೊಮ್ಯಾಟೊ ವಾರದಲ್ಲಿ ಚಿಗುರಿತು.

ಅಂಗಡಿಯವರಿಗೆ ಹೇಳಿದರೆ “ಎಲ್ಲಾ ಹಿಂಗ ಬರ್ತಾವ್ರಿ” ಅಂದರು. ಈ ಉತ್ತರ ನನಗೆ ಸರಿ ಅನಿಸಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲೂ ಹೀಗೆ ಮಳೆ ಸುರಿಯುವಾಗ ಮಾರುವವರು ಒಂದು ಮಾತು ಹೇಳಬೇಕು.

ಆದರೂ ಬ್ಯಾಗ್ ತಗೊಳ್ಳಿ ಅಂತಲೇ ಹೇಳುತ್ತೇನೆ, ಮಣ್ಣು ತುಂಬುವ ಮುಂಚೆ ತೂತು ಹಾಕಿಕೊಳ್ಳಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮೆಂತ್ಯೆ, ಹಕ್ಕರಕಿಯಂಥ ಸೊಪ್ಪು ಹಾಕುವವರಿಗೆ ಇಷ್ಟು ಆಳ ಬೇಡ, ಸುಮ್ನೆ ಮಣ್ಣು ದಂಡ. ಮುಳಗಾಯಿಗೆ ಮಾತ್ರ ಇದೇ ಅಳತೆ ಬೇಕು. ಮೊನ್ನೆ ಭಾನುವಾರ ಎರಡು ಗಿಡದಿಂದ ಒಂಬತ್ತು ಎಳೆಕಾಯಿ ಸಿಕ್ಕವು. ಎಣಗಾಯಿ ಮಾಡಿ, ಪಕ್ಕದ ಮನೆಯ ಅಮ್ಮನಿಗೂ ರೊಟ್ಟಿ ಜೊತೆ ಕೊಟ್ಟು ಬಂದೆ.