ರೇಡಿಯೇಟರ್ ಸಂದಿಗೆ ಅಲ್ಯೂಮಿನಿಯಂ ಶೀಟ್: ಎರಡು ಬೇಸಿಗೆಯ ಅನುಭವ

ರಾಯಚೂರಿನ ಬಿಸಿಲು ಗೊತ್ತಲ್ವಾ? ಏಪ್ರಿಲ್ ಬಂತು ಅಂದ್ರೆ, ರೈಲ್ವೆ ಗೇಟಿನಲ್ಲಿ ನಿಂತಾಗಲೆಲ್ಲ ನನ್ನ ಹಳೇ ಕಾರಿನ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ), ಥರ್ಮೋಸ್ಟಾಟ್ (ಅದರ ಹರಿವು ನಿಯಂತ್ರಿಸುವ ವಾಲ್ವ್), ಫ್ಯಾನ್ ಎಲ್ಲಾ ಸರಿಯಿತ್ತು.

ಒಂದು ರಾತ್ರಿ ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಕೂಲಂಟನ್ನು ಗಾಳಿಯಿಂದ ತಣಿಸುವ ಜಾಲರಿ, ಅಂದ್ರೆ ರೇಡಿಯೇಟರಿನ ಎರಡೂ ಪಕ್ಕ ಎರಡು ಬೆರಳು ಹೋಗುವಷ್ಟು ಸಂದಿ! ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಜಾಲರಿ ಬಿಟ್ಟು ಅಲ್ಲೇ ನುಸುಳುತ್ತದೆ. ಗಾಡಿ ನಿಂತಾಗ ಇಂಜಿನ್ ಕಡೆಯ ಬಿಸಿಗಾಳಿ ಅದೇ ಸಂದಿಯಿಂದ ಮುಂದಕ್ಕೆ ಬರುತ್ತದೆ, ಫ್ಯಾನ್ ಅದನ್ನೇ ಮತ್ತೆ ಎಳೆಯುತ್ತದೆ.

ಸಂದಿ ಮುಚ್ಚೋಕೆ ಮೊದಲು ಅಂಗಡಿ ಬೋರ್ಡಿಗೆ ಬಳಸುವ ಪ್ಲಾಸ್ಟಿಕ್ ಶೀಟ್ ಹಾಕಿದ್ದೆ. ವಾರದಲ್ಲೇ ಸೊಟ್ಟಗಾಯಿತು. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ 1 ಮಿ.ಮೀ. ಅಲ್ಯೂಮಿನಿಯಂ ಶೀಟ್ ತಂದೆ. ಇದು ನಿಜಕ್ಕೂ ಒಳ್ಳೇ ಮಾಲು. ತಗಡು ಕತ್ತರಿಗೆ ಬಗ್ಗುತ್ತದೆ, ಕೈಯಲ್ಲೇ ಮಡಚಬಹುದು, ತುಕ್ಕು ಹಿಡಿಯುವುದಿಲ್ಲ. ಮೊದಲು ರಟ್ಟಿನಲ್ಲಿ ಅಳತೆ ಮಾಡಿಕೊಳ್ಳಿ. ಅಂಚು ಮಾತ್ರ ಬ್ಲೇಡಿನ ಹಾಗೆ, ನನ್ನ ಹೆಬ್ಬೆರಳು ಕೊಯ್ದಿತ್ತು. ಹಳೇ ಪೆಟ್ರೋಲ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದೆ. ರೇಡಿಯೇಟರ್ ತಾಗುವಲ್ಲಿ ಫೋಮ್ ಟೇಪ್.

ಈಗ ಗೇಟಿನಲ್ಲಿ ಹತ್ತು ನಿಮಿಷ ನಿಂತರೂ ಮುಳ್ಳು ಅರ್ಧ ದಾಟುವುದಿಲ್ಲ. ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಕೂಡ ರೇಡಿಯೇಟರಿನ ಮುಂದೇ ಇರುವುದರಿಂದ ನಿಂತಾಗಲೂ ಎಸಿ ತಂಪು ಜಾಸ್ತಿ. ಫೋಮ್ ಟೇಪ್ ಮಾತ್ರ ಮಳೆಗಾಲಕ್ಕೆ ಕಿತ್ತುಬಂತು, ಅದಕ್ಕೆ ನನ್ನ ಮಾರ್ಕು ಕಮ್ಮಿ. ರೇಡಿಯೇಟರ್ ಒಳಗೇ ಕಟ್ಟಿಕೊಂಡಿದ್ದರೆ ಸುಮ್ನೆ ಶೀಟಿಗೆ ದುಡ್ಡು ಹಾಕಬೇಡಿ, ಮೊದಲು ಅದನ್ನು ಕ್ಲೀನ್ ಮಾಡಿಸಿ.