ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್: ಯಾವುದು ಯಾರಿಗೆ?

ರುಮಟಾಯ್ಡ್ ಸಂಧಿವಾತಕ್ಕೆ ಮಾತ್ರೆ ಸಾಲದೆ ಹೋದಾಗ ಡಾಕ್ಟರು ಈ ಹೆಸರುಗಳನ್ನು ಹೇಳುವುದುಂಟು. ಎರಡೂ ಮಾನೊಕ್ಲೋನಲ್ ಆ್ಯಂಟಿಬಾಡಿಗಳು, ಅಂದರೆ ಒಂದೇ ಗುರಿಗೆ ಅಂಟುವಂತೆ ಪ್ರಯೋಗಾಲಯದಲ್ಲಿ ತಯಾರಿಸಿದ ರಕ್ಷಣಾ ಪ್ರೋಟೀನುಗಳು. ಎರಡೂ ತಡೆಯುವುದು ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಆಲ್ಫಾ ಎಂಬ ಪ್ರೋಟೀನನ್ನೇ.

ವ್ಯತ್ಯಾಸ ಇರುವುದು ಅವನ್ನು ಕಟ್ಟಿದ ರೀತಿಯಲ್ಲಿ. ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು, ಮೊದಲು ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ. ಅದರಲ್ಲಿ ಟಿಎನ್‌ಎಫ್ ಹಿಡಿಯುವ ತುದಿ ಇಲಿಯದ್ದು, ಉಳಿದದ್ದು ಮನುಷ್ಯರದು. ಆ ತುದಿಯನ್ನು ನಮ್ಮ ದೇಹ ಹೊರಗಿನದೆಂದು ಗುರುತಿಸಿ ಅದರ ವಿರುದ್ಧವೇ ಆ್ಯಂಟಿಬಾಡಿ ತಯಾರಿಸಬಹುದು. ಆಗ ಔಷಧದ ಕೆಲಸ ಕುಗ್ಗುತ್ತದೆ, ಡ್ರಿಪ್ ಹಾಕುವಾಗ ಅಲರ್ಜಿಯ ಸಾಧ್ಯತೆಯೂ ಜಾಸ್ತಿ. ಜೊತೆಗೆ ದೇಹದ ಇಂಥ ಪ್ರತಿರೋಧವನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಡಲು ಇದೂ ಒಂದು ಕಾರಣ.

2002ರಲ್ಲಿ ಒಪ್ಪಿಗೆ ಪಡೆದ ಅಡಾಲಿಮುಮ್ಯಾಬ್ ಹುಟ್ಟಿದ್ದು ಫೇಜ್ ಡಿಸ್‌ಪ್ಲೇ ವಿಧಾನದಿಂದ. ಬ್ಯಾಕ್ಟೀರಿಯಾಗಳಿಗೆ ಅಂಟುವ ವೈರಸ್‌ಗಳ ಮೈಮೇಲೆ ಮನುಷ್ಯರ ಆ್ಯಂಟಿಬಾಡಿ ತುಣುಕುಗಳನ್ನು ಮೂಡಿಸಿ, ಟಿಎನ್‌ಎಫ್‌ಗೆ ಗಟ್ಟಿಯಾಗಿ ಅಂಟುವುದನ್ನು ಆರಿಸುತ್ತಾರೆ. ಇಲಿಯ ಭಾಗ ಉಳಿಯುವುದಿಲ್ಲ. ಆದರೂ ಕೆಲವರ ದೇಹ ಇದನ್ನೂ ಒಪ್ಪುವುದಿಲ್ಲ. ‘ಪೂರ್ತಿ ಮಾನವ’ ಎಂಬ ಮಾತಿಗೆ ಸುಮ್ನೆ ಮರುಳಾಗಬೇಡಿ.

ದಿನನಿತ್ಯದ ಲೆಕ್ಕ ಬೇರೆ. ಮೊದಲನೆಯದಕ್ಕೆ ಆಸ್ಪತ್ರೆಯಲ್ಲಿ ಸುಮಾರು ಎರಡು ಗಂಟೆ ಡ್ರಿಪ್. ಆರಂಭದ ಮೂರು ಡೋಸ್ ಆದಮೇಲೆ 8 ವಾರಕ್ಕೊಮ್ಮೆ. ಎರಡನೆಯದನ್ನು 2 ವಾರಕ್ಕೊಮ್ಮೆ, 40 ಮಿಲಿಗ್ರಾಂನಂತೆ, ಹೊಟ್ಟೆಗೋ ತೊಡೆಗೋ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಆದರೆ ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಿ ಬೇಡ. ಆಸ್ಪತ್ರೆ ದೂರವಿದ್ದು, ಕರೆಂಟ್ ನಂಬಬಹುದಾದರೆ ನನ್ನ ಒಲವು ಅಡಾಲಿಮುಮ್ಯಾಬ್ ಕಡೆಗೇ. ಸೂಜಿ ಹಿಡಿಯಲು ಬೆರಳೇ ಮಡಚದವರಿಗೆ, ಮನೆಯಲ್ಲಿ ಸಹಾಯಕ್ಕೆ ಯಾರೂ ಇಲ್ಲದಿದ್ದರೆ, ಡ್ರಿಪ್ಪೇ ವಾಸಿ.

ಯಾವುದನ್ನೇ ಆರಿಸಿ, ಮೊದಲು ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಒಳಗೆ ಅಡಗಿರುವ ಟಿಬಿ ಇವುಗಳಿಂದ ಮತ್ತೆ ಎದ್ದೇಳಬಹುದು.