8 ಪರ್ಸೆಂಟ್ ಷೇರು ಹಿಡಿದು ಹೋದ ನನ್ನ ಕೇಸ್ ತೆಗೆದುಕೊಂಡ ಕಂಪನಿ ವಕೀಲರು: 5ಕ್ಕೆ 4 ಸ್ಟಾರ್

ನಾವು ಏಳು ಜನ ಸೇರಿ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ. ಒಟ್ಟು ಒಂದು ಲಕ್ಷ ಷೇರು, ಅದರಲ್ಲಿ ನನ್ನವು 14,000. ಒಂದು ದಿನ ವಾರ್ಷಿಕ ಲೆಕ್ಕಪತ್ರ ತೆಗೆದು ನೋಡಿದರೆ ಷೇರು 1,75,000 ಆಗಿದೆ! ಹೊಸ 75,000 ಷೇರೂ ಮ್ಯಾನೇಜಿಂಗ್ ಡೈರೆಕ್ಟರ್ ಹೆಸರಿಗೇ ಹೋಗಿದೆ. ನನಗೆ ಒಂದು ಪತ್ರವೂ ಬಂದಿರಲಿಲ್ಲ. ನನ್ನ ಷೇರು ಯಾರೂ ಕಿತ್ತುಕೊಂಡಿಲ್ಲ, ಆದರೂ 14 ಪರ್ಸೆಂಟ್ ಇದ್ದ ಪಾಲು 8ಕ್ಕೆ ಇಳಿದಿತ್ತು.

ಮೊದಲು ಹೋದ ವಕೀಲರು ಐದೇ ನಿಮಿಷದಲ್ಲಿ ಕೈ ಚೆಲ್ಲಿದರು. 10 ಪರ್ಸೆಂಟ್ ಷೇರು ಇಲ್ಲದೆ ಕಂಪನಿ ಜಗಳ ವಿಚಾರಿಸುವ ಟ್ರಿಬ್ಯುನಲ್ (ಎನ್‌ಸಿಎಲ್‌ಟಿ) ಬಾಗಿಲು ತಟ್ಟೋಕೆ ಆಗಲ್ಲ ಅಂದುಬಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಕಚೇರಿಯ ವಕೀಲರ ಬಗ್ಗೆಯೇ ಈ ರಿವ್ಯೂ. ಮೇಡಂ ಕೇಳಿದ ಮೊದಲ ಪ್ರಶ್ನೆ, "ಒಟ್ಟು ಎಷ್ಟು ಜನ ಸದಸ್ಯರಿದ್ದೀರಿ ಸರ್?" ಏಳು ಅಂದೆ. ತಕ್ಷಣ 2013ರ ಕಂಪನಿ ಕಾಯ್ದೆ ತೆಗೆದು, 244ನೇ ಸೆಕ್ಷನ್ ಮೇಲೆ ಪೆನ್ಸಿಲ್ ಇಟ್ಟು ನನ್ನಿಂದಲೇ ಓದಿಸಿದರು. 10 ಪರ್ಸೆಂಟ್ ಷೇರು ಅನ್ನೋದು ಒಂದು ದಾರಿ ಅಷ್ಟೇ. ಇನ್ನೊಂದು ದಾರಿ ತಲೆ ಲೆಕ್ಕದ್ದು. ನೂರು ಸದಸ್ಯರು, ಇಲ್ಲವೇ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಏಳು ಜನರ ಕಂಪನಿಯಲ್ಲಿ ಒಬ್ಬನೇ ಸಾಕು! ಷೇರಿನ ದುಡ್ಡು ಬಾಕಿ ಇರಬಾರದು, ನನ್ನದು ಪೂರ್ತಿ ಕಟ್ಟಿ ಆಗಿತ್ತು. ಎರಡೂ ಲೆಕ್ಕಕ್ಕೆ ಸಿಗದವರಿಗೂ ವಿನಾಯಿತಿ ಕೊಡುವ ಅಧಿಕಾರ ಟ್ರಿಬ್ಯುನಲ್‌ಗೆ ಇದೆಯಂತೆ. ಒಂದೇ ಪುಟದಲ್ಲಿ ಇಷ್ಟೆಲ್ಲ ಇದೆ, ಮೊದಲನೆಯವರು ಅದನ್ನು ತೆಗೆದೇ ನೋಡಿರಲಿಲ್ಲ.

ಇವರ ಬಗ್ಗೆ ನನಗೆ ಗೌರವ ಬಂದಿದ್ದು ಬೇಡವಾದದ್ದನ್ನು ಬೇಡ ಅಂತ ನೇರವಾಗಿ ಹೇಳಿದ್ದಕ್ಕೆ. ನನ್ನನ್ನು ಡೈರೆಕ್ಟರ್ ಸ್ಥಾನದಿಂದ ತೆಗೆದಿದ್ದಕ್ಕೆ ನನಗೆ ಜಾಸ್ತಿ ಸಿಟ್ಟಿತ್ತು, ಅದನ್ನೇ ದೊಡ್ಡದು ಮಾಡಬೇಕು ಅಂತಿದ್ದೆ. ಮೇಡಂ ಒಪ್ಪಲಿಲ್ಲ. ಡೈರೆಕ್ಟರ್ ಸ್ಥಾನದಿಂದ ತೆಗೆದ ಮಾತ್ರಕ್ಕೆ ಅದು ದಬ್ಬಾಳಿಕೆ ಆಗಲ್ಲ ಅಂತ ಟಾಟಾ ಸನ್ಸ್ ಕಂಪನಿಯಿಂದ ಸೈರಸ್ ಮಿಸ್ತ್ರಿ ಅವರನ್ನು ತೆಗೆದ ಕೇಸಿನ 2021ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದರು. ಡಿವಿಡೆಂಡ್ (ಲಾಭದ ಪಾಲು) ಕೊಟ್ಟಿಲ್ಲ ಅನ್ನೋದೊಂದನ್ನೇ ಹಿಡಿದುಕೊಂಡರೂ ಕೇಸ್ ನಿಲ್ಲಲ್ಲ ಅಂದರು. ನಮ್ಮ ಗಟ್ಟಿ ಅಂಶ ಆ 75,000 ಷೇರು.

ಹೊಸ ಷೇರು ತರುವಾಗ ಸಾಮಾನ್ಯವಾಗಿ ಇರುವ ಷೇರುದಾರರಿಗೆ ಅವರವರ ಪಾಲಿನಷ್ಟು ಮೊದಲು ಕೇಳಬೇಕು, ಅದು 62ನೇ ಸೆಕ್ಷನ್. ಡೈರೆಕ್ಟರ್ ಆದವರು ಎಲ್ಲ ಸದಸ್ಯರ ಹಿತಕ್ಕಾಗಿ ಪ್ರಾಮಾಣಿಕವಾಗಿ ನಡೆಯಬೇಕು, ಕುರ್ಚಿ ಬಳಸಿ ಸ್ವಂತ ಲಾಭ ಮಾಡಿಕೊಳ್ಳಬಾರದು, ಅದು 166. ಮಾಡಿಕೊಂಡಿದ್ದರೆ ಅಷ್ಟೂ ದುಡ್ಡು ಕಂಪನಿಗೆ ವಾಪಸ್ ಕಟ್ಟಬೇಕು, ಜೊತೆಗೆ 1 ಲಕ್ಷದಿಂದ 5 ಲಕ್ಷದವರೆಗೆ ದಂಡ. ಡೇಲ್ ಅಂಡ್ ಕ್ಯಾರಿಂಗ್ಟನ್ ಅನ್ನೋ ಕಂಪನಿಯ ಕೇಸ್‌ನಲ್ಲೂ ಮ್ಯಾನೇಜಿಂಗ್ ಡೈರೆಕ್ಟರ್ ತನಗೇ ಷೇರು ಹಂಚಿಕೊಂಡು ಹಿಡಿತ ಸಾಧಿಸಿದ್ದ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆ ತೀರ್ಪು ಓದುವಾಗ ನಮ್ಮ ಕಥೆಯನ್ನೇ ಯಾರೋ ಬರೆದಿಟ್ಟ ಹಾಗಿತ್ತು.

ಕೆಲಸದ ರೀತಿಯೂ ಇಷ್ಟವಾಯಿತು. ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಪಿಎಎಸ್-3 ಫಾರ್ಮ್ (ಹೊಸ ಷೇರು ಯಾರಿಗೆ ಹಂಚಿದರು ಅನ್ನೋ ವರದಿ) ತರಿಸಿ, ಅದರಲ್ಲಿದ್ದ ಬೋರ್ಡ್ ಮೀಟಿಂಗ್ ತಾರೀಖನ್ನು ನನ್ನ ಹಳೇ ಇಮೇಲ್‌ಗಳ ಜೊತೆ ಒಂದೊಂದಾಗಿ ತಾಳೆ ನೋಡಿದರು. ಆ ದಿನ ನಾನಿನ್ನೂ ಡೈರೆಕ್ಟರ್, ನನಗೆ ಮೀಟಿಂಗ್ ನೋಟಿಸೇ ಬಂದಿಲ್ಲ. ಅದು ಸಿಕ್ಕಾಗ ಮೇಡಂ ಹಾಳೆಯ ಅಂಚಿನಲ್ಲಿ ದಪ್ಪಗೆ ಗೆರೆ ಎಳೆದರು. ದಬ್ಬಾಳಿಕೆ ವಿರುದ್ಧ ಇರುವ 241, 242ನೇ ಸೆಕ್ಷನ್ ಅಡಿ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿ, ಷೇರುಗಳ ವಿಷಯದಲ್ಲಿ ಯಥಾಸ್ಥಿತಿ ಕಾಪಾಡಬೇಕು ಅಂತ ಮಧ್ಯಂತರ ಆದೇಶವನ್ನೂ ತಂದುಕೊಟ್ಟರು.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಫೋನ್ ಮಾಡಿದರೆ ಎತ್ತಲ್ಲ, ವಿಚಾರಣೆ ಮುಂದೆ ಹೋಗಿದ್ದು ಎರಡು ಸಲ ನನಗೆ ಮರುದಿನ ಗೊತ್ತಾಯಿತು. ಬಿಲ್‌ನಲ್ಲಿ ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ಬರೆಯಲ್ಲ, ಕೇಳಿ ಕೇಳಿ ತೆಗೆದುಕೊಳ್ಳಬೇಕು. ಆತಂಕದಲ್ಲಿರುವ ಕಕ್ಷಿದಾರರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಹೋಗುವವರು ಷೇರು ಸರ್ಟಿಫಿಕೇಟ್, ಕಂಪನಿಯ ಆರ್ಟಿಕಲ್ಸ್ (ಒಳ ನಿಯಮಗಳ ಪುಸ್ತಕ), ಬಂದ ನೋಟಿಸ್‌ಗಳು, ಹಳೇ ಇಮೇಲ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ತಡ ಮಾಡಬೇಡಿ, ಸುಮ್ನೆ ಕೂತಿದ್ದರೆ ಒಪ್ಪಿಕೊಂಡಿದ್ದೀರಿ ಅಂತ ಎದುರಿನವರು ವಾದ ಮಾಡ್ತಾರೆ.

ಕೇಸ್ ಇನ್ನೂ ನಡೆಯುತ್ತಿದೆ. ಆದರೆ ಮೊನ್ನೆ ವಾರ್ಷಿಕ ಸಭೆಯ ನೋಟಿಸ್ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬಂತು, ಸಭೆಗೆ 21 ದಿನಕ್ಕಿಂತ ಜಾಸ್ತಿ ಇರುವಾಗಲೇ, ಲೆಕ್ಕಪತ್ರದ ಸಮೇತ.